ಹನ್ನೊಂದು ಸೊನ್ನೆ

ನಮ್ಮ ಮನೆಯಲ್ಲಿ ಮಳೆಗೆಂದೇ ಒಂದು ಪುಸ್ತಕವಿತ್ತು. ಕೆಂಪು ಬಟ್ಟೆಯ ಬೆನ್ನಿನ, ಮೊಳದುದ್ದದ ಲೆಡ್ಜರು. ಅಂಗಡಿಯವರು ಸಾಲದ ಲೆಕ್ಕ ಬರೆಯಲು ಇಟ್ಟುಕೊಳ್ಳುವಂಥದ್ದು. ಅದರಲ್ಲಿ ಅಪ್ಪ 1968ರ ಜನವರಿ 1ರಿಂದ ದಿನಕ್ಕೊಂದು ಅಂಕಿ ಬರೆಯುತ್ತ ಬಂದಿದ್ದರು. ಒಂದು ತುಂಬಿದರೆ ಇನ್ನೊಂದು. ನಾನು ಕೆಲಸಕ್ಕೆಂದು ಹಾಸನ ಸೇರುವ ಹೊತ್ತಿಗೆ ಅಂಥ ನಾಲ್ಕು ಪುಸ್ತಕಗಳು ಗೋಡೆ ಬೀರುವಿನಲ್ಲಿ ಪಹಣಿ, ಕಂದಾಯದ ರಸೀದಿಗಳ ಪಕ್ಕದಲ್ಲೇ ಕೂತಿದ್ದವು. ಜೋಪಾನದಲ್ಲಿ ಅವುಗಳಿಗೂ ಇವುಗಳಿಗೂ ಭೇದವಿರಲಿಲ್ಲ.

ತೋಟ ಇರುವುದು ಸಕಲೇಶಪುರ ತಾಲ್ಲೂಕಿನ ಪಡುವಣ ಅಂಚಿನಲ್ಲಿ, ಘಟ್ಟ ಇಳಿಯುವುದಕ್ಕೆ ಸ್ವಲ್ಪ ಮೊದಲು. ಹದಿನೆಂಟು ಎಕರೆ ಕಾಫಿ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ಮರದ ಹನಿ ಬೀಳದ ಜಾಗ ನೋಡಿ, ಅಪ್ಪ ಮಳೆ ಮಾಪಕ ನೆಡಿಸಿದ್ದರು. ಐದು ಇಂಚು ಬಾಯಿಯ ಆಲಿಕೆ, ಅದರಡಿ ಒಂದು ಬಾಟಲಿ, ಬಾಟಲಿ ತುಂಬಿ ಚೆಲ್ಲಿದರೆ ಹಿಡಿದುಕೊಳ್ಳಲು ಹೊರಗೊಂದು ಡಬ್ಬಿ, ಅಳೆಯಲು ಗೆರೆ ಕೊರೆದ ಗಾಜು. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಅಪ್ಪ ಕೊಪ್ಪೆ ಹೊದ್ದು ಕಣಕ್ಕೆ ಹೋಗುತ್ತಿದ್ದರು. ಹವಾಮಾನ ಇಲಾಖೆ ಅಳೆಯುವ ಹೊತ್ತೂ ಅದೇ. ಹಾಗಾಗಿ ಇವತ್ತಿನ ತಾರೀಖಿನ ಎದುರು ಬರೆದದ್ದು ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆವರೆಗಿನ ಮಳೆ. ಅಪ್ಪ ಊರಲ್ಲಿಲ್ಲದ ದಿನ ಅಮ್ಮ ಅಳೆಯುತ್ತಿದ್ದರು.

ಕಾಫಿ ಬೆಳೆಗಾರರ ಮಾತಿನಲ್ಲಿ ಮಳೆ ಇಂಚು ಮತ್ತು ಸೆಂಟ್‌ಗಳ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು. ಮಾರ್ಚ್ ತಿಂಗಳಲ್ಲಿ ಇಬ್ಬರು ಬೆಳೆಗಾರರು ದಾರಿಯಲ್ಲಿ ಸಿಕ್ಕರೆ ಮೊದಲ ಪ್ರಶ್ನೆ, ‘ನಿಮ್ಮಲ್ಲಿ ಎಷ್ಟಾಯ್ತು?’ ‘ಎಂಬತ್ತು ಸೆಂಟ್’ ಎಂದರೆ ಮುಖ ಅರಳುತ್ತದೆ, ‘ಹನ್ನೆರಡೇ ಸೆಂಟ್’ ಎಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಆ ಹೂಮಳೆ ಇಂಚಿನ ಹತ್ತಿರ ಬಂದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಅರೆಬರೆ ಬಿದ್ದರೆ ಮೊಗ್ಗು ಒಣಗುತ್ತದೆ. ವರ್ಷದ ಅನ್ನ ಆ ಗಾಜಿನ ಗೆರೆಗಳಲ್ಲಿದೆ ಎಂಬುದು ನಮ್ಮ ಕಡೆಯ ಮಕ್ಕಳಿಗೆ ಯಾರೂ ಹೇಳದೆ ತಿಳಿಯುವ ಸಂಗತಿ. ನನಗೂ ತಿಳಿದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದೆ ಬರೆಯುವುದನ್ನು ಓದುವಾಗ ತಿಳಿಯದೆ ಮಾಡಿದ್ದು ಎಂದು ಯಾರೂ ನನಗೆ ರಿಯಾಯಿತಿ ಕೊಡಬಾರದು.

2001ರಲ್ಲಿ ನನಗೆ ಇಪ್ಪತ್ತೇಳು ವರ್ಷ. ಹಾಸನದ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಹೇಳುತ್ತಿದ್ದೆ. ಸಂಜೆ ಆರರಿಂದ ಏಳೂವರೆವರೆಗೆ ಜಾಲತಾಣ ಕಟ್ಟುವುದನ್ನು ಕಲಿಯಲು ಮೂರು ತಿಂಗಳ ತರಗತಿಗೆ ಸೇರಿದೆ. ಕಲಿಸುತ್ತಿದ್ದ ಹುಡುಗ ನನಗಿಂತ ಐದು ವರ್ಷ ಚಿಕ್ಕವನು. ಮೊದಲ ದಿನವೇ ಅವನು, ‘ಸರ್, ಯಾವ ಪುಟ ಬೇಕಾದ್ರೂ ತೆಗೀರಿ, ಬಲಗುಂಡಿ ಒತ್ತಿ, ವ್ಯೂ ಸೋರ್ಸ್ ಅನ್ನಿ. ಅದನ್ನ ಹೇಗೆ ಕಟ್ಟಿದಾರೆ ಅಂತ ಪೂರ್ತಿ ಕಾಣುತ್ತೆ’ ಎಂದ. ನಾನು ಒತ್ತಿದೆ. ಕಂಡಿತು. ಯಾವುದೋ ದೇಶದ, ಯಾರೋ ಕಟ್ಟಿದ ಪುಟದ ತೊಲೆ ಜಂತಿಗಳೆಲ್ಲ ನನ್ನ ಕಣ್ಣ ಮುಂದಿದ್ದವು. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್ ಲೀ 1991ರಲ್ಲಿ ಮೊದಲ ಜಾಲತಾಣವನ್ನು ಹೊರಗಿನವರಿಗೆ ತೆರೆದರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ವೆಬ್‌ನ ತಂತ್ರಾಂಶವನ್ನು ಯಾರು ಬೇಕಾದರೂ ಕಾಸು ಕೊಡದೆ ಬಳಸಬಹುದು ಎಂದು ಬರೆದುಕೊಟ್ಟಿತು. ಹಾಸನದ ಒಂದು ಮಹಡಿ ಕೋಣೆಯಲ್ಲಿ ಕೂತ ನನಗೂ ಅದು ದಕ್ಕಿತು ಎಂಬುದನ್ನು ನೆನೆದರೆ ಇವತ್ತಿಗೂ ಎದೆ ತುಂಬುತ್ತದೆ.

ಮೊದಲ ಜಾಲತಾಣದಲ್ಲಿ ಏನು ಇಡಬೇಕು ಎಂದು ನಾನು ಯೋಚಿಸಲೇ ಇಲ್ಲ. ಅಪ್ಪನ ಮಳೆ ಪುಸ್ತಕ. 1968ರಿಂದ 2000ದವರೆಗೆ ಮೂವತ್ತಮೂರು ವರ್ಷ, ಒಂಬತ್ತು ಅಧಿಕ ದಿನ ಸೇರಿ 12,054 ದಿನ. ಒಂದು ವರ್ಷಕ್ಕೆ ಒಂದು ಪುಟ, ಪುಟಕ್ಕೊಂದು ಕೋಷ್ಟಕ, ಅಡ್ಡಕ್ಕೆ ಹನ್ನೆರಡು ತಿಂಗಳು, ಉದ್ದಕ್ಕೆ ಮೂವತ್ತೊಂದು ತಾರೀಖು. ಜಿಯೋಸಿಟೀಸ್‌ನಲ್ಲಿ ಆಗ ಪುಕ್ಕಟೆಯಾಗಿ ಹದಿನೈದು ಮೆಗಾಬೈಟ್ ಜಾಗ ಸಿಗುತ್ತಿತ್ತು. ಅಂಕಿಗಳಿಗೆ ಅದು ಬೇಕಾದಷ್ಟಾಯಿತು.

ಹೊಸಬ ಮಾಡುವ ತಪ್ಪುಗಳನ್ನೆಲ್ಲ ನಾನೂ ಮಾಡಿದೆ. ನೋಟ್‌ಪ್ಯಾಡ್‌ನಲ್ಲಿ ಒಂದೊಂದೇ ಸಾಲು ಬರೆದು, ನನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಎಲ್ಲ ಚೆನ್ನಾಗಿತ್ತು. ಸೈಬರ್ ಕೆಫೆಗೆ ಹೋಗಿ ತೆರೆದರೆ ಚಿತ್ರಗಳಿರಬೇಕಾದ ಕಡೆಯೆಲ್ಲ ಕೆಂಪು ಗುಣಾಕಾರ ಚಿಹ್ನೆ. ಚಿತ್ರ ಎಲ್ಲಿದೆ ಎಂದು ಹೇಳುವ ಕಡೆ ನನ್ನದೇ ಕಂಪ್ಯೂಟರಿನ ಸಿ ಡ್ರೈವ್‌ನ ವಿಳಾಸ ಕೊಟ್ಟಿದ್ದೆ. ಮನೆಯ ಬೀಗದ ಕೈ ನನ್ನ ಜೇಬಿನಲ್ಲಿ, ನೆಂಟರಿಗೆ ಮಾತ್ರ ಒಳಗೆ ಬನ್ನಿ ಎಂದ ಹಾಗೆ. ಅದನ್ನು ತಿದ್ದಿದ ಮೇಲೂ ನಾಲ್ಕು ಚಿತ್ರಗಳು ಬರಲಿಲ್ಲ. ಕಡತದ ಹೆಸರು ಒಂದು ಕಡೆ ದೊಡ್ಡಕ್ಷರದಲ್ಲಿ, ಇನ್ನೊಂದು ಕಡೆ ಚಿಕ್ಕಕ್ಷರದಲ್ಲಿತ್ತು. ನನ್ನ ವಿಂಡೋಸ್ ಎರಡನ್ನೂ ಒಂದೇ ಎಂದು ತಿಳಿಯುತ್ತಿತ್ತು, ಆಚೆಯ ಸರ್ವರ್ ಬೇರೆ ಬೇರೆ ಎನ್ನುತ್ತಿತ್ತು. ಹಿನ್ನೆಲೆಗೆ ಮೋಡದ ಚಿತ್ರ ಹಾಸಿದ್ದೆ, ಅದರ ಮೇಲೆ ಅಂಕಿಗಳೇ ಕಾಣುತ್ತಿರಲಿಲ್ಲ. ತೋಟದ ಫೋಟೋ ಒಂದನ್ನು ಹಾಗೇ ಏರಿಸಿದ್ದೆ, ಆರುನೂರು ಕಿಲೋಬೈಟ್. ಫೋನ್ ತಂತಿಯ ಮೋಡೆಮ್‌ನಲ್ಲಿ ಸೆಕೆಂಡಿಗೆ ಮೂರು ನಾಲ್ಕು ಕಿಲೋಬೈಟ್ ಬಂದರೆ ಹೆಚ್ಚು. ಆ ಒಂದು ಫೋಟೋ ಇಳಿಯುವಷ್ಟರಲ್ಲಿ ಸೈಬರ್ ಕೆಫೆಯ ಮೂರು ನಿಮಿಷ ಹೋಗುತ್ತಿತ್ತು. ಇವೆಲ್ಲ ಕಲಿಯುವವರ ತಪ್ಪುಗಳು. ಕಲಿತೆ, ತಿದ್ದಿದೆ.

ಕನ್ನಡದ್ದು ಬೇರೆಯೇ ಕಷ್ಟ. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿ ಹತ್ತು ವರ್ಷವಾಗಿದ್ದರೂ ನಾನು ನೋಡಿದ ಯಾವ ಕಂಪ್ಯೂಟರೂ ಅದನ್ನು ತೋರಿಸುತ್ತಿರಲಿಲ್ಲ. ತುಂಗಾ ಅಕ್ಷರವಿನ್ಯಾಸದೊಂದಿಗೆ ವಿಂಡೋಸ್ ಎಕ್ಸ್‌ಪಿ ಬಂದದ್ದೇ ಆ ವರ್ಷದ ಕೊನೆಗೆ, ಅದು ನಮ್ಮ ಊರುಗಳನ್ನು ತಲುಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಬರಹ ತಂತ್ರಾಂಶದಲ್ಲಿ ಟೈಪು ಮಾಡಿದರೆ ನನ್ನಲ್ಲಿ ಕನ್ನಡ, ಅದೇ ಫಾಂಟ್ ಇಲ್ಲದವರಲ್ಲಿ ಅರ್ಥವಿಲ್ಲದ ಗೀಚು. ಹಾಗಾಗಿ ಪ್ರತಿ ಕನ್ನಡ ಪದವನ್ನೂ ಚಿತ್ರವಾಗಿ ಮಾಡಿ ಅಂಟಿಸಿದೆ. ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ಚಿತ್ರ. ರೇವತಿ, ಅಶ್ವಿನಿ, ಭರಣಿಯಿಂದ ಹಿಡಿದು ಸ್ವಾತಿ, ವಿಶಾಖದವರೆಗೆ ಮಳೆ ನಕ್ಷತ್ರಗಳ ಚಿತ್ರ. ಅಂಕಿಗಳಿಗೆ ಮಾತ್ರ ಯಾವ ಫಾಂಟೂ ಬೇಕಿರಲಿಲ್ಲ. 0 ಎಂದರೆ ಜಗತ್ತಿನ ಎಲ್ಲ ಕಂಪ್ಯೂಟರಿನಲ್ಲೂ 0. ಈ ಮಾತನ್ನು ನೆನಪಿಟ್ಟುಕೊಳ್ಳಿ.

ರಾತ್ರಿ ಊಟವಾದ ಮೇಲೆ ಹೆಂಡತಿ ಪುಸ್ತಕ ಹಿಡಿದು ಓದುತ್ತಿದ್ದಳು, ನಾನು ಟೈಪು ಮಾಡುತ್ತಿದ್ದೆ. ಅಪ್ಪ ಇಂಚು ಮತ್ತು ಸೆಂಟ್ ನಡುವೆ ಅಡ್ಡಗೆರೆ ಎಳೆಯುತ್ತಿದ್ದರು. 3-7 ಎಂದರೆ ಮೂರು ಇಂಚು ಏಳು ಸೆಂಟ್. ಅದನ್ನು ದಶಾಂಶದಲ್ಲಿ 3.07 ಎಂದು ಬರೆಯಬೇಕು. ನಾನು ಎರಡು ವರ್ಷದ ಮಳೆಯನ್ನು 3.7 ಎಂಬಂತೆ ಕುಟ್ಟಿದ್ದೆ. ಸಿಕ್ಕಿಬಿದ್ದದ್ದು ಅಪ್ಪನಿಂದಲೇ: ಪ್ರತಿ ತಿಂಗಳ ಕೆಳಗೆ ಅವರು ಕೂಡಿ ಬರೆದ ಮೊತ್ತಕ್ಕೂ ನನ್ನ ಮೊತ್ತಕ್ಕೂ ತಾಳೆಯಾಗಲಿಲ್ಲ. ಲೆಕ್ಕಶಾಸ್ತ್ರ ಕಲಿಸುವ ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪನ ಮೊತ್ತ ನೋಡಿ ನನ್ನ ಲೆಕ್ಕ ತಿದ್ದಿಕೊಂಡೆ. ಆ ಎರಡು ವರ್ಷವನ್ನು ಅಳಿಸಿ ಮತ್ತೆ ಟೈಪು ಮಾಡಿದೆವು. ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಮೊತ್ತ ಸೇರುವವರೆಗೆ ಮುಂದಕ್ಕೆ ಹೋಗುತ್ತಿರಲಿಲ್ಲ. ಹೀಗೆ ಶ್ರದ್ಧೆಯಿಂದ ಕೆಲಸ ಮಾಡುತ್ತ 1987ಕ್ಕೆ ಬಂದೆವು.

ಜೂನ್ ಮುಗಿಯಿತು. ಪುಟ ತಿರುಗಿಸಿದ ಹೆಂಡತಿ, ‘ಇಲ್ಲಿ ಹನ್ನೊಂದು ದಿನ ಬರೆದೇ ಇಲ್ವಲ್ಲ ಮಾವ’ ಎಂದಳು. ನಾನು ನೋಡಲಿಲ್ಲ. ನೋಡಬೇಕಿರಲಿಲ್ಲ. ‘ಬಿಡು, ಅದನ್ನ ನಾನು ನೋಡ್ಕೋತೀನಿ’ ಎಂದೆ.

1987ರ ಜುಲೈಯಲ್ಲಿ ನನಗೆ ಹದಿಮೂರು ವರ್ಷ. ಅಮ್ಮನಿಗೆ ಹೊಟ್ಟೆಯ ಆಪರೇಷನ್ ಎಂದು ಅಪ್ಪ ಮಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಮನೆಯಲ್ಲಿ ನಾನು ಮತ್ತು ಅಜ್ಜಿ. ಹೊರಡುವ ಮುಂಚೆ ಅಪ್ಪ ನನ್ನನ್ನು ಕಣಕ್ಕೆ ಕರೆದುಕೊಂಡು ಹೋಗಿ ಬಾಟಲಿ ತೆಗೆಯುವುದು, ಗಾಜಿಗೆ ಸುರಿಯುವುದು, ಗೆರೆಯ ಮಟ್ಟಕ್ಕೆ ಕಣ್ಣಿಟ್ಟು ಓದುವುದು ಎಲ್ಲ ತೋರಿಸಿಕೊಟ್ಟರು. ‘ಎಂಟೂವರೆಗೆ. ತಪ್ಪಿಸಬೇಡ’ ಎಂದರು. ಅಷ್ಟೇ.

ಎಂಟನೇ ತಾರೀಖು ಬೆಳಿಗ್ಗೆ ಪುನರ್ವಸು ಮಳೆ ಹಿಡಿದಿತ್ತು. ಮಲೆನಾಡಿನಲ್ಲಿ ಹುಟ್ಟದವರಿಗೆ ಆ ಮಳೆಯನ್ನು ಹೇಳುವುದು ಕಷ್ಟ. ಅದು ಬೀಳುವುದಿಲ್ಲ, ನಿಂತುಕೊಂಡಿರುತ್ತದೆ. ಹಗಲು ಹತ್ತಕ್ಕೂ ಮನೆಯೊಳಗೆ ದೀಪ ಬೇಕು. ಒಲೆಯ ಮುಂದೆ ಕಂಬಳಿ ಹೊದ್ದು ಕೂತಿದ್ದೆ. ‘ನೆನೀಬೇಡ ಮಗ, ಸ್ವಲ್ಪ ಬಿಡ್ಲಿ’ ಎಂದಳು ಅಜ್ಜಿ. ಮಳೆ ಬಿಡಲಿಲ್ಲ. ನಾನು ಹೋಗಲಿಲ್ಲ. ಮಾರನೆಯ ದಿನ ಹೋಗಿ ಅಳೆದರೆ ಎರಡು ದಿನದ್ದು ಸೇರಿರುತ್ತದೆ, ಅದನ್ನು ಬೇರೆ ಮಾಡುವುದು ಹೇಗೆ ಎಂಬ ನೆವ ಸಿಕ್ಕಿತು, ಅವತ್ತೂ ಹೋಗಲಿಲ್ಲ. ಒಂದು ದಿನದ ಸೋಮಾರಿತನ ಎರಡನೆಯ ದಿನಕ್ಕೆ ಭಯವಾಯಿತು, ಮೂರನೆಯ ದಿನದಿಂದ ನಾನು ಕಣದ ಕಡೆಗಿನ ಕಿಟಕಿ ತೆರೆಯುವುದನ್ನೂ ಬಿಟ್ಟೆ. ಹದಿನೆಂಟನೇ ತಾರೀಖು ಮಧ್ಯಾಹ್ನ, ಅಪ್ಪ ಅಮ್ಮ ಸಂಜೆ ಬರುತ್ತಾರೆ ಎಂಬ ಸುದ್ದಿ ಬಂತು. ಆಗ ಮಳೆಯಲ್ಲೇ ಕಣಕ್ಕೆ ಓಡಿದೆ. ಬಾಟಲಿ ತುಂಬಿ ಡಬ್ಬಿಗೆ ಚೆಲ್ಲಿತ್ತು, ಡಬ್ಬಿಯೂ ತುಂಬುತ್ತ ಬಂದಿತ್ತು. ಆ ನೀರನ್ನು ಅಳೆದಿದ್ದರೂ ಸಾಕಿತ್ತು, ದಿನದ ಲೆಕ್ಕ ಹೋದರೂ ಹನ್ನೊಂದು ದಿನದ ಒಟ್ಟು ಮಳೆಯಾದರೂ ಉಳಿಯುತ್ತಿತ್ತು. ನಾನು ಅದನ್ನು ಚೆಲ್ಲಿದೆ. ಎರಡನ್ನೂ ಬೋರಲು ಹಾಕಿ ಚೆಲ್ಲಿ, ಒರೆಸಿ, ಮೊದಲಿದ್ದ ಹಾಗೆ ಇಟ್ಟು ಬಂದೆ. ಒಂದು ಚೀಟಿಯ ಮೇಲೆ ಹನ್ನೊಂದು ಅಂಕಿ ಬರೆದೆ. 2-10, 1-85, 2-40, ಹೀಗೆ ತೋಚಿದ್ದು.

ಅಪ್ಪ ಚೀಟಿ ನೋಡಿದರು. ‘ಎರಡು ಇಂಚು ಬಂದ ದಿನ ಗಾಜಿಗೆ ಎಷ್ಟು ಸಲ ಸುರಿದೆ?’ ಎಂದು ಕೇಳಿದರು. ‘ಒಂದೇ ಸಲ’ ಎಂದೆ. ಆ ಗಾಜು ಹಿಡಿಯುತ್ತಿದ್ದದ್ದು ಅರ್ಧ ಇಂಚು. ಎರಡು ಇಂಚಿಗೆ ನಾಲ್ಕು ಸಲ ಸುರಿದು ಕೂಡಬೇಕು.

ಅವರು ಬೈಯಲಿಲ್ಲ. ಚೀಟಿಯನ್ನು ಮಡಿಸಿ ಒಲೆಗೆ ಹಾಕಿದರು. ‘ಅಳೆದದ್ದು ಬರೀಬೇಕು. ಅಳೀದೆ ಇದ್ರೆ ಬಿಡಬೇಕು’ ಎಂದರು. ಪುಸ್ತಕದಲ್ಲಿ ಎಂಟರಿಂದ ಹದಿನೆಂಟರವರೆಗೆ ಜಾಗ ಬಿಟ್ಟರು. ತಿಂಗಳು ಮುಗಿದಾಗ ಮೊತ್ತ ಬರೆಯುವ ಕಡೆ ‘ಅಪೂರ್ಣ’ ಎಂದು ಬರೆದರು. ಮಾರನೆಯ ಬೆಳಿಗ್ಗೆಯಿಂದ ಮತ್ತೆ ಅವರೇ ಕಣಕ್ಕೆ ಹೋದರು. ಆಮೇಲೆ ನಾನು ಕಾಲೇಜು ಓದಿದೆ, ಕೆಲಸ ಹಿಡಿದೆ, ಮದುವೆಯಾದೆ. ಮಳೆ ಅಳೆಯಲು ಅವರು ನನಗೆ ಇನ್ನೊಮ್ಮೆ ಹೇಳಲಿಲ್ಲ.

2001ರಲ್ಲಿ ಆ ಹನ್ನೊಂದು ಮನೆಗಳ ಮುಂದೆ ಮತ್ತೆ ಕೂತಿದ್ದೆ. ಈ ಸಲ ಕೈಯಲ್ಲಿ ಚೀಟಿಯ ಬದಲು ಕೀಲಿಮಣೆ.

ಆ ಕಾಲದ ಬ್ರೌಸರ್‌ಗಳಲ್ಲಿ ಒಂದು ಸ್ವಭಾವವಿತ್ತು. ಕೋಷ್ಟಕದ ಒಂದು ಮನೆಯೊಳಗೆ ಏನನ್ನೂ ಬರೆಯದೆ ಬಿಟ್ಟರೆ ಅದಕ್ಕೆ ಸುತ್ತಲ ಗೆರೆಯನ್ನೇ ಎಳೆಯುತ್ತಿರಲಿಲ್ಲ. ಸಾಲಾಗಿ ಹನ್ನೊಂದು ಮನೆ ಖಾಲಿ ಬಿಟ್ಟರೆ ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತಿತ್ತು. ನಾನು ಅಲ್ಲಿ ಸೊನ್ನೆ ಕುಟ್ಟಿದೆ. ಒಂದಾದ ಮೇಲೊಂದು, ಹನ್ನೊಂದು ಸೊನ್ನೆ. ಗೆರೆಗಳು ಬಂದವು. ಕೋಷ್ಟಕ ತುಂಬಿತು. ಕೆಳಗೆ ‘ಅಪೂರ್ಣ’ ಎಂಬ ಪದ ಇದ್ದ ಕಡೆ ಉಳಿದ ಇಪ್ಪತ್ತು ದಿನದ ಮೊತ್ತವನ್ನು, 14.35 ಎಂದು, ತಿಂಗಳ ಮೊತ್ತವೆಂಬಂತೆ ಹಾಕಿದೆ. ‘ಅಪೂರ್ಣ’ ಕನ್ನಡ ಪದ, ಅದಕ್ಕೆ ಚಿತ್ರ ಮಾಡಬೇಕು, ಒಂದು ಪದಕ್ಕೋಸ್ಕರ ಯಾಕೆ ಎಂದುಕೊಂಡೆ.

ಬಹಳ ವರ್ಷ ನಾನು ನನಗೆ ಹೇಳಿಕೊಳ್ಳುತ್ತಿದ್ದ ಕಾರಣ ಇದೇ. ಹೊಸಬ, ಗೆರೆ ಬರಲಿಲ್ಲ, ಗೊತ್ತಾಗದೆ ಸೊನ್ನೆ ಹಾಕಿದೆ. ಕಾರಣ ನಿಜವೇ. ಗೆರೆ ಬರುತ್ತಿರಲಿಲ್ಲ ಎಂಬುದನ್ನು ಆ ಕಾಲದಲ್ಲಿ ಕೋಷ್ಟಕ ಕಟ್ಟಿದ ಯಾರನ್ನು ಬೇಕಾದರೂ ಕೇಳಬಹುದು. ಆದರೆ ಅದಕ್ಕೆ ಉಪಾಯವೂ ಇತ್ತು. ಎನ್‌ಬಿಎಸ್‌ಪಿ ಎಂಬ ಸಣ್ಣ ಸಂಕೇತ, ಕಣ್ಣಿಗೆ ಕಾಣದ ಒಂದು ತೆರಪು. ಅದನ್ನು ಮನೆಯೊಳಗೆ ಇಟ್ಟರೆ ಗೆರೆ ಬರುತ್ತದೆ, ಒಳಗೆ ಖಾಲಿಯೇ ಇರುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿತ್ತು ಎನ್ನುವುದಕ್ಕೆ ಸಾಕ್ಷಿ ಅದೇ ಪುಟದಲ್ಲಿದೆ. ಫೆಬ್ರವರಿಗೆ 30, 31 ಇಲ್ಲ. ಏಪ್ರಿಲ್‌, ಜೂನ್‌, ಸೆಪ್ಟೆಂಬರ್‌, ನವೆಂಬರ್‌ಗೆ 31 ಇಲ್ಲ. ಆ ಮನೆಗಳಿಗೆಲ್ಲ ನಾನು ಎನ್‌ಬಿಎಸ್‌ಪಿ ಹಾಕಿದ್ದೆ, 1968ರ ಪುಟದಿಂದಲೂ. ಬಾರದ ತಾರೀಖುಗಳನ್ನು ಖಾಲಿ ಬಿಡಲು ನನಗೆ ಗೊತ್ತಿತ್ತು. ಬಂದು ಹೋದ ಹನ್ನೊಂದು ದಿನಗಳಿಗೆ ಮಾತ್ರ ಸೊನ್ನೆ ಬೇಕಾಯಿತು.

ಆ ಪುಟದಲ್ಲಿ ಕಲಿಯುವವನ ತಪ್ಪುಗಳು ಹತ್ತಾರು ಇದ್ದವು. ಅವುಗಳ ನಡುವೆ ತಪ್ಪಲ್ಲದ ಒಂದನ್ನು ಇಟ್ಟೆ. ಯಾರಾದರೂ ಕಂಡುಹಿಡಿದರೂ ಅದು ಉಳಿದವುಗಳ ಹಾಗೇ ಕಾಣುತ್ತದೆ ಎಂದು ಮನಸ್ಸಿನ ಯಾವುದೋ ಮೂಲೆಗೆ ತಿಳಿದಿತ್ತು. ಕಲಿಯುವವನಿಗೆ ಲೋಕ ಕೊಡುವ ಕ್ಷಮೆ ದೊಡ್ಡದು. ನಾನು ಅದರ ಮರೆಯಲ್ಲಿ ನಿಂತೆ.

ಮತ್ತೆ, ಸೊನ್ನೆ ಎಂದರೆ ಏನು? ಮಳೆ ಪುಸ್ತಕದಲ್ಲಿ ಸೊನ್ನೆಗೆ ಖಚಿತವಾದ ಅರ್ಥವಿದೆ. ಒಬ್ಬ ಮನುಷ್ಯ ಎಂಟೂವರೆಗೆ ಹೋಗಿ ಬಾಟಲಿ ತೆಗೆದು ನೋಡಿದ, ಒಳಗೆ ಏನೂ ಇರಲಿಲ್ಲ. ಜನವರಿ, ಫೆಬ್ರವರಿಯ ಒಣ ದಿನಗಳಲ್ಲೂ ಅಪ್ಪ ಹೋಗಿ ನೋಡಿಯೇ ಸೊನ್ನೆ ಬರೆಯುತ್ತಿದ್ದರು. ಖಾಲಿ ಎಂದರೆ ಯಾರೂ ನೋಡಲಿಲ್ಲ ಎಂದರ್ಥ. ನಾನು ಸೊನ್ನೆ ಹಾಕಿದ್ದು ಮಳೆ ಇಲ್ಲದ ದಿನಗಳಿಗಲ್ಲ. ಮಳೆ ವಿಪರೀತವಾಗಿತ್ತು ಎಂಬ ಕಾರಣಕ್ಕೇ ನಾನು ಹೊರಗೆ ಹೋಗದ ದಿನಗಳಿಗೆ.

2002ರ ಬೇಸಿಗೆಯಲ್ಲಿ ಅಪ್ಪ ಹಾಸನಕ್ಕೆ ಬಂದಾಗ ಸೈಬರ್ ಕೆಫೆಗೆ ಕರೆದುಕೊಂಡು ಹೋದೆ. ಮೊದಲ ಪುಟದಲ್ಲಿ ನನ್ನ ಹೆಸರು ದೊಡ್ಡದಾಗಿ ಬಲದಿಂದ ಎಡಕ್ಕೆ ಓಡುತ್ತಿತ್ತು. ಕೆಳಗೆ ಎಷ್ಟು ಜನ ಬಂದು ಹೋದರು ಎಂದು ತೋರಿಸುವ ಎಣಿಕೆಯಂತ್ರ. ಅವರ ಹೆಸರು ಮೂರನೆಯ ಸಾಲಿನಲ್ಲಿ, ಸಣ್ಣಗೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಹೆಸರಿನ ವಿಷಯ ಎತ್ತಲೇ ಇಲ್ಲ. ‘ಎಷ್ಟು ಹೊತ್ತಿಗೆ ಅಳೆದದ್ದು ಅಂತ ಎಲ್ಲಿ ಬರ್ದಿದೀಯ?’ ಎಂದು ಕೇಳಿದರು. ಬರೆದಿರಲಿಲ್ಲ. ಮಾಪಕದ ಬಾಯಿ ಎಷ್ಟು ಇಂಚು, ಅದು ಯಾವ ಜಾಗದಲ್ಲಿದೆ, ಅಂಕಿ ಇಂಚೋ ಮಿಲಿಮೀಟರೋ, ಯಾವುದನ್ನೂ ಬರೆದಿರಲಿಲ್ಲ. ‘ಹೊತ್ತು ಬರೀದಿದ್ರೆ ಬೇರೆಯವ್ರಿಗೆ ಇದು ಯಾವ ದಿನದ ಮಳೆ ಅಂತ ಹೆಂಗೆ ಗೊತ್ತಾಗುತ್ತೆ?’ ಎಂದರು. ಒಂದು ಜಾಲತಾಣದ ಬಗ್ಗೆ ನಾನು ಇದುವರೆಗೆ ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಕಂಪ್ಯೂಟರನ್ನೇ ಮುಟ್ಟದ ಮನುಷ್ಯ ಓದುವವನ ಕಡೆಯಿಂದ ಯೋಚಿಸಿದರು. ಮೂರು ತಿಂಗಳು ಕಲಿತ ನಾನು ನೋಡುವವನ ಕಡೆಯಿಂದ ಯೋಚಿಸಿದ್ದೆ.

ಯಾವ ವರ್ಷ ಬೇಕು ಎಂದು ಕೇಳಿ 1968, 1974, 1994 ತೋರಿಸಿದೆ. 1974 ನಾನು ಹುಟ್ಟಿದ ವರ್ಷ. 1987 ಕೇಳುತ್ತಾರೇನೋ ಎಂದು ನನ್ನ ಕೈ ಬೆವರುತ್ತಿತ್ತು. ಕೇಳಲಿಲ್ಲ. ನಾನಾಗಿ ತೋರಿಸಲಿಲ್ಲ. 2006ರಲ್ಲಿ ಅಪ್ಪ ತೀರಿಕೊಂಡರು. 1987ರ ಪುಟವನ್ನು ಅವರು ನೋಡಲೇ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದು ನನ್ನ ಮತ್ತು ಅಪ್ಪನ ನಡುವಿನ ಸಂಗತಿಯಾಗಿ ಉಳಿಯುತ್ತಿತ್ತು, ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. 2004ರಲ್ಲಿ ಒಂದು ಮಿಂಚಂಚೆ ಬಂತು. ಕೃಷಿ ಕಾಲೇಜೊಂದರ ವಿದ್ಯಾರ್ಥಿನಿ. ಮಲೆನಾಡಿನಲ್ಲಿ ಜುಲೈ ತಿಂಗಳ ಮಳೆ ನಡುವೆ ಕಡಿಯುವುದರ ಬಗ್ಗೆ ಪ್ರಬಂಧ ಬರೆಯುತ್ತಿದ್ದಳು. 1987 ಮತ್ತು 2002, ಎರಡೂ ದೇಶಕ್ಕೆ ದೊಡ್ಡ ಬರಗಾಲ ತಂದ ವರ್ಷಗಳು. 2002ರ ಜುಲೈಯಲ್ಲಂತೂ ಮುಂಗಾರು ಇದ್ದಕ್ಕಿದ್ದ ಹಾಗೆ ನಿಂತುಬಿಟ್ಟಿತ್ತು. 1987ರಲ್ಲೂ ಹಾಗೇ ಆಗಿತ್ತೇ ಎಂದು ಹುಡುಕುತ್ತಿದ್ದವಳಿಗೆ ನನ್ನ ಪುಟ ಸಿಕ್ಕಿತ್ತು. ಬಹಳ ವಿನಯದಿಂದ ಬರೆದಿದ್ದಳು. ‘ಸರ್, ಜುಲೈ 8ರಿಂದ 18ರವರೆಗೆ ಹನ್ನೊಂದು ದಿನವೂ ಸೊನ್ನೆ ಇದೆ. ಘಟ್ಟದ ಅಂಚಿನಲ್ಲಿ ಇದು ಅಪರೂಪ ಅನ್ನಿಸಿತು. ದಯವಿಟ್ಟು ಮೂಲ ಪುಸ್ತಕ ನೋಡಿ ಖಚಿತ ಮಾಡಲು ಸಾಧ್ಯವೇ?’

ಅವಳಿಗೆ ಸಂಶಯ ಬಂದಿತ್ತು. ಸರಿಯಾದ ಜಾಗದಲ್ಲಿ, ಸರಿಯಾದ ಕಾರಣಕ್ಕೆ ಬಂದಿತ್ತು. ಒಂದೇ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು.

ನಾನು ಎರಡು ದಿನ ಬಿಟ್ಟು ಉತ್ತರ ಬರೆದೆ. ‘1987 ಬರಗಾಲದ ವರ್ಷ. ಪುಸ್ತಕದ ಪ್ರಕಾರವೇ ಹಾಕಿದ್ದೇನೆ.’ ಮೊದಲನೆಯ ವಾಕ್ಯ ನಿಜ. ಅದನ್ನು ಎರಡನೆಯದಕ್ಕೆ ಮರೆಯಾಗಿಸಿದೆ. ಅವಳು ಧನ್ಯವಾದ ಹೇಳಿದಳು. ತನ್ನ ಪ್ರಬಂಧದಲ್ಲಿ ಆಕರವಾಗಿ ನನ್ನ ಹೆಸರು ಹಾಕುವುದಾಗಿಯೂ ಬರೆದಳು.

ಹದಿಮೂರರ ಹುಡುಗ ನೀರು ಚೆಲ್ಲಿದ್ದನ್ನು ನಾನು ಎಂದೋ ಕ್ಷಮಿಸಿದ್ದೇನೆ, ಅವನಿಗೆ ಅಪ್ಪನ ಭಯವಿತ್ತು. ಇಪ್ಪತ್ತೇಳರವನು ಸೊನ್ನೆ ಕುಟ್ಟಿದ್ದನ್ನೂ ಅರ್ಥಮಾಡಿಕೊಳ್ಳಬಲ್ಲೆ. ಮೂವತ್ತರ ಆ ಎರಡು ವಾಕ್ಯಗಳನ್ನು ಮಾತ್ರ ಕ್ಷಮಿಸಲು ಆಗಿಲ್ಲ. ಆಗ ಯಾರ ಭಯವೂ ಇರಲಿಲ್ಲ. ನನ್ನ ಪುಟ ಪೂರ್ಣವಾಗಿದೆ ಎಂದು ಒಬ್ಬ ಅಪರಿಚಿತಳು ನಂಬಿದ್ದಾಳೆ, ಆ ನಂಬಿಕೆ ಹಾಗೇ ಇರಲಿ ಎಂಬ ಆಸೆ, ಅಷ್ಟೇ. ಅಪ್ಪನ ಪುಸ್ತಕ ತೆರೆದು ನೋಡಿದ ಯಾರಿಗೂ ಮೋಸ ಆಗುತ್ತಿರಲಿಲ್ಲ. ಅಲ್ಲಿ ಬಿಟ್ಟ ಜಾಗವಿದೆ, ಅಳಿಸಿ ತಿದ್ದಿದ ಗುರುತಿದೆ, ಅಮ್ಮ ಅಳೆದ ದಿನ ಅಮ್ಮನ ಗುಂಡು ಅಕ್ಷರವಿದೆ. ನನ್ನ ಕೋಷ್ಟಕದಲ್ಲಿ ಅಳೆದ ಸೊನ್ನೆಯೂ ಅಳೆಯದ ಸೊನ್ನೆಯೂ ಒಂದೇ ಅಚ್ಚು. ಯಾರ ಕೈ ಎಂದು ಹೇಳುವ ಯಾವ ಗುರುತೂ ಅಲ್ಲಿ ಉಳಿದಿರಲಿಲ್ಲ. ಬರಗಾಲದ ವರ್ಷವಾದ್ದರಿಂದ ಸುಳ್ಳು ನಿಜಕ್ಕಿಂತ ಹೆಚ್ಚು ಒಪ್ಪುವಂತಿತ್ತು.

2009ರ ಅಕ್ಟೋಬರ್ 26ಕ್ಕೆ ಜಿಯೋಸಿಟೀಸ್ ಮುಚ್ಚುತ್ತದೆ ಎಂದು ಆ ವರ್ಷ ಯಾಹೂ ಮೊದಲೇ ತಿಳಿಸಿತು. ಪುಟಗಳನ್ನು ಬೇರೆ ಕಡೆಗೆ ಸಾಗಿಸಬೇಕಾಯಿತು. ಅಷ್ಟು ಹೊತ್ತಿಗೆ ಯೂನಿಕೋಡ್ ಕನ್ನಡ ಎಲ್ಲ ಕಡೆ ಕಾಣತೊಡಗಿತ್ತು. ಪದಗಳ ಚಿತ್ರಗಳನ್ನೆಲ್ಲ ಕಿತ್ತು ಅಕ್ಷರಗಳನ್ನೇ ಹಾಕಿದೆ. ಅಕ್ಷರವಾದರೆ ಹುಡುಕಿದವರಿಗೆ ಸಿಗುತ್ತದೆ, ಕಣ್ಣು ಕಾಣದವರಿಗೆ ಎನ್‌ವಿಡಿಎಯಂಥ ತಂತ್ರಾಂಶ ಅದನ್ನು ಓದಿಯೂ ಹೇಳುತ್ತದೆ. ಚಿತ್ರವಾದರೆ ಎರಡೂ ಇಲ್ಲ. ಮೋಡದ ಹಿನ್ನೆಲೆ ಹೋಯಿತು. ಓಡುವ ಹೆಸರು ಹೋಯಿತು. ಎಣಿಕೆಯಂತ್ರ ಹೋಯಿತು. ಮೇಲ್ಗಡೆ ಅಪ್ಪನ ಹೆಸರು, ಅದರಡಿ ಅಮ್ಮನ ಹೆಸರು, ಅಳತೆಯ ಹೊತ್ತು, ಮಾಪಕದ ವಿವರ, ಜಾಗ. ಆಮೇಲೆ 1987ರ ಪುಟ ತೆಗೆದು ಹನ್ನೊಂದು ಸೊನ್ನೆಗಳನ್ನು ಒಂದೊಂದಾಗಿ ಅಳಿಸಿದೆ. ಹೆಂಡತಿ ಪಕ್ಕದಲ್ಲಿದ್ದಳು. ಅವಳಿಗೆ ಅವತ್ತೇ ಮೊದಲ ಸಲ ಎಲ್ಲ ಹೇಳಿದ್ದು. ಮೊತ್ತದ ಜಾಗದಲ್ಲಿ ಅಪ್ಪ ಬರೆದಂತೆಯೇ ‘ಅಪೂರ್ಣ’ ಎಂದು ಕುಟ್ಟಿದೆ. ಆ ಪದಕ್ಕೆ ಈಗ ಚಿತ್ರ ಬೇಕಿರಲಿಲ್ಲ.

ಆ ವಿದ್ಯಾರ್ಥಿನಿಗೆ ಅವತ್ತೇ ರಾತ್ರಿ ಬರೆದೆ. ಐದು ವರ್ಷದ ಹಿಂದಿನ ವಿಳಾಸ, ಕಾಗದ ಹಿಂದಕ್ಕೆ ಬಂತು. ಕಾಲೇಜಿಗೆ ಅಂಚೆಯಲ್ಲಿ ಬರೆದೆ, ಉತ್ತರ ಬರಲಿಲ್ಲ. ಅವಳ ಪ್ರಬಂಧ ಯಾವ ಗ್ರಂಥಾಲಯದ ಕಪಾಟಿನಲ್ಲಿದೆಯೋ, ಅದನ್ನು ನಂಬಿ ಇನ್ನಾರು ಏನು ಬರೆದರೋ, ಅದರ ಮೇಲೆ ನನ್ನ ಹಿಡಿತವಿಲ್ಲ.

2018ರ ಆಗಸ್ಟಿನಲ್ಲಿ ನಮ್ಮ ಕಡೆಯ ಗುಡ್ಡಗಳು ಕುಸಿದವು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಹಳಿಯ ಮೇಲೆ ಎಷ್ಟೋ ಕಡೆ ಮಣ್ಣು ಬಿತ್ತು. ಆಮೇಲೆ ಹಳೆಯ ಮಳೆ ಲೆಕ್ಕ ಕೇಳಿಕೊಂಡು ಒಬ್ಬರಾದ ಮೇಲೊಬ್ಬರು ಬರೆಯತೊಡಗಿದರು, ಬೆಳೆಗಾರರು, ಓದುವ ಹುಡುಗರು, ಇಬ್ಬರು ಎಂಜಿನಿಯರುಗಳು. ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಮಳೆ ಅಳೆದು ಕಳಿಸುತ್ತವೆ. ಅದಕ್ಕೂ ಹಿಂದಿನ ಕಾಲಕ್ಕೆ, ಒಂದೊಂದು ಗುಡ್ಡದ ಒಂದೊಂದು ದಿನದ ಮಳೆ ಬೇಕೆಂದರೆ, ತೋಟದ ಮನೆಗಳ ಬೀರುವಿನಲ್ಲಿರುವ ಲೆಡ್ಜರುಗಳೇ ದಿಕ್ಕು. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಹೊರಗೆ ತನ್ನಿ. ಬಿಟ್ಟ ಜಾಗಗಳನ್ನು ಬಿಟ್ಟ ಹಾಗೇ ತನ್ನಿ.

ಕೇಳಿಕೊಂಡು ಬರೆದ ಪ್ರತಿಯೊಬ್ಬರಿಗೂ ಅಂಕಿಗಳ ಜೊತೆ ಒಂದು ಸಾಲು ಸೇರಿಸಿ ಕಳಿಸುತ್ತೇನೆ. ಆ ವಿದ್ಯಾರ್ಥಿನಿ ಇದನ್ನು ಓದುವುದಾದರೆ ಅವಳಿಗೂ ಅದೇ ಸಾಲು: 1987ರ ಜುಲೈ 8ರಿಂದ 18ರವರೆಗೆ ನಮ್ಮ ತೋಟದಲ್ಲಿ ಮಳೆ ಬಂದಿತ್ತು. ಎಷ್ಟು ಎಂಬುದು ಗೊತ್ತಿಲ್ಲ. ಅಳೆಯುವ ಕೆಲಸ ನನ್ನದಾಗಿತ್ತು, ನಾನು ಅಳೆಯಲಿಲ್ಲ.